ತಿರ್ಯಂಚರ ಅಂತರಂಗ ಮತ್ತು ಶ್ರಾವಕ ಧರ್ಮ

॥ ಶ್ರೀ ವೀತರಾಗಾಯ ನಮಃ ॥

ಜಿನಮಂದಿರದ ಗೋಡೆಯ ಮೇಲೆ ಬರೆದ ಸಮವಸರಣದ ಚಿತ್ರವನ್ನು ನೋಡದ ಶ್ರಾವಕನಿಲ್ಲ. ನಡುವೆ ಗಂಧಕುಟಿ, ಅದರಲ್ಲಿ ಸಿಂಹಾಸನ, ಆ ಸಿಂಹಾಸನಕ್ಕೂ ನಾಲ್ಕು ಅಂಗುಲ ಮೇಲೆ ನಿರಾಧಾರವಾಗಿ ವಿರಾಜಮಾನನಾದ ಜಿನೇಂದ್ರ ಭಗವಂತ. ಸುತ್ತಲೂ ಹನ್ನೆರಡು ಕೋಷ್ಠಗಳು. ಮೊದಲನೆಯದರಲ್ಲಿ ಗಣಧರರೂ ಮುನಿಗಳೂ, ಉಳಿದವುಗಳಲ್ಲಿ ಆರ್ಯಿಕೆಯರು, ಶ್ರಾವಿಕೆಯರು, ಚತುರ್ನಿಕಾಯದ ದೇವದೇವಿಯರು, ಚಕ್ರವರ್ತಿಯಿಂದ ಹಿಡಿದು ಸಾಮಾನ್ಯನವರೆಗಿನ ಮನುಷ್ಯರು. ಹನ್ನೆರಡನೆಯ ಕೋಷ್ಠದಲ್ಲಿ ಆನೆ, ಸಿಂಹ, ಹುಲಿ, ಜಿಂಕೆ, ನವಿಲು, ಹಾವು, ಮುಂಗುಸಿ ಮೊದಲಾದ ತಿರ್ಯಂಚರು.

ಮಕ್ಕಳು ಆ ಚಿತ್ರದಲ್ಲಿ ಮೊದಲು ಹುಡುಕುವುದು ಈ ಹನ್ನೆರಡನೆಯ ಕೋಷ್ಠವನ್ನೇ. ಹಿರಿಯರು ಅದನ್ನು ಭಗವಂತನ ಅತಿಶಯವೆಂದು ವಿವರಿಸುತ್ತಾರೆ: ಅಲ್ಲಿ ಹಾವು ಮುಂಗುಸಿಗಳು ವೈರವನ್ನು ಮರೆಯುತ್ತವೆ, ಹಸುವೂ ಹುಲಿಯೂ ಒಂದೆಡೆ ಕೂಡುತ್ತವೆ. ಇದು ಸತ್ಯ, ಆದರೆ ಪೂರ್ಣ ಸತ್ಯವಲ್ಲ. ಆ ಪ್ರಾಣಿಗಳು ಅಲ್ಲಿಗೆ ಬಂದಿರುವುದು ಶೋಭೆಗಾಗಿ ಅಲ್ಲ, ಕೇಳುವುದಕ್ಕಾಗಿ. ಅವು ಸಭೆಯ ಅಲಂಕಾರವಲ್ಲ, ಸಭಾಸದರು. ದಿವ್ಯಧ್ವನಿಯು ಹದಿನೆಂಟು ಮಹಾಭಾಷೆಗಳಲ್ಲಿಯೂ ಏಳುನೂರು ಕಿರುಭಾಷೆಗಳಲ್ಲಿಯೂ ಪರಿಣಮಿಸಿ ಪ್ರತಿಯೊಂದು ಜೀವಕ್ಕೂ ಅದರದರ ಭಾಷೆಯಲ್ಲಿಯೇ ಅರ್ಥವಾಗುತ್ತದೆಂದು ಆಚಾರ್ಯರು ಹೇಳುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಮುನಿಸಂಘದ ಪ್ರವಚನದಲ್ಲಿ ಹಿಂದಿ ಎಂದು ಮೂರು ಭಾಷೆಗಳ ನಡುವೆ ಬಾಳುವ ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ಶ್ರಾವಕ ಕುಟುಂಬಗಳಿಗೆ ಈ ಮಾತಿನ ಬೆಲೆ ಬೇಗ ತಿಳಿಯುತ್ತದೆ. ಭಾಷೆ ಬೇರೆಯಾದ ಮಾತ್ರಕ್ಕೆ ಅಂತರಂಗ ಇಲ್ಲವೆಂದಾಗುವುದಿಲ್ಲ. ಮಾತು ಬಾರದವನಿಗೆ ದುಃಖವಿಲ್ಲವೆಂದು ತಿಳಿಯುವವನು ಅಜ್ಞಾನಿ.

ಹಾಗಾದರೆ ತಿರ್ಯಂಚರ ಅಂತರಂಗದಲ್ಲಿ ಏನಿದೆ? ಅವುಗಳ ನಡುವೆ ಮನುಷ್ಯನ ಸ್ಥಾನ ಯಾವುದು? ಈ ಎರಡು ಪ್ರಶ್ನೆಗಳಿಗೆ ಜಿನಾಗಮ ಕೊಡುವ ಉತ್ತರವು ಇಂದಿನ ಕಾಲದಲ್ಲಿ ಹಿಂದೆಂದಿಗಿಂತ ಹೆಚ್ಚು ಮನನಯೋಗ್ಯವಾಗಿದೆ.

ಸಂಸಾರಿ ಜೀವವು ದೇವ, ಮನುಷ್ಯ, ತಿರ್ಯಂಚ, ನರಕ ಎಂಬ ನಾಲ್ಕು ಗತಿಗಳಲ್ಲಿ ಅಲೆಯುತ್ತದೆ. ತಿರ್ಯಂಚ ಗತಿಯ ವಿಸ್ತಾರ ಎಲ್ಲಕ್ಕಿಂತ ದೊಡ್ಡದು. ಸ್ಪರ್ಶವೊಂದನ್ನೇ ಉಳ್ಳ ಮಣ್ಣು, ನೀರು, ಬೆಂಕಿ, ಗಾಳಿ, ಗಿಡಮರಗಳ ಜೀವಗಳಿಂದ ಹಿಡಿದು, ಎರಡು ಇಂದ್ರಿಯಗಳ ಹುಳು, ಮೂರು ಇಂದ್ರಿಯಗಳ ಇರುವೆ, ನಾಲ್ಕು ಇಂದ್ರಿಯಗಳ ದುಂಬಿ, ಐದು ಇಂದ್ರಿಯಗಳ ಪಶುಪಕ್ಷಿಗಳವರೆಗೆ ಅದು ಹಬ್ಬಿದೆ. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಈ ಎಲ್ಲ ಜೀವಗಳಿಗೂ ಸಮಾನ. ಗೂಡು ಕಟ್ಟುವ ಹಕ್ಕಿಗೂ ಮನೆ ಕಟ್ಟುವ ಗೃಹಸ್ಥನಿಗೂ ಒಳಗೆ ಕೆಲಸ ಮಾಡುವ ಆಸೆ ಒಂದೇ. ಕಟುಕನ ಬಾಗಿಲಲ್ಲಿ ನಡುಗುವ ಆಡಿಗೂ ಆಸ್ಪತ್ರೆಯ ಬಾಗಿಲಲ್ಲಿ ನಡುಗುವ ಮನುಷ್ಯನಿಗೂ ಒಳಗಿರುವ ಭಯ ಒಂದೇ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಇದಕ್ಕಿಂತಲೂ ಮುಂದೆ ಹೋಗುತ್ತದೆ. ಅದರ ಎರಡನೆಯ ಅಧ್ಯಾಯದಲ್ಲಿ ಜೀವಗಳನ್ನು ಮನಸ್ಸುಳ್ಳವು, ಮನಸ್ಸಿಲ್ಲದವು ಎಂದು ವಿಂಗಡಿಸಲಾಗಿದೆ. ಈ ವಿಂಗಡಣೆಯಲ್ಲಿ ಮನುಷ್ಯನನ್ನು ಒಂದು ಕಡೆಗೂ ಸಮಸ್ತ ಪ್ರಾಣಿಗಳನ್ನು ಇನ್ನೊಂದು ಕಡೆಗೂ ನಿಲ್ಲಿಸಿಲ್ಲ. ಆನೆ, ಕುದುರೆ, ಎತ್ತು, ನಾಯಿ, ಕಪಿ, ಗಿಳಿ ಇವು ಮನುಷ್ಯನಂತೆಯೇ ಸಂಜ್ಞಿ ಪಂಚೇಂದ್ರಿಯ ಜೀವಗಳು. ಹಿತವನ್ನೂ ಅಹಿತವನ್ನೂ ವಿಚಾರಿಸುವ, ಉಪದೇಶವನ್ನು ಗ್ರಹಿಸುವ, ಕಲಿತದ್ದನ್ನು ನೆನಪಿನಲ್ಲಿಟ್ಟುಕೊಳ್ಳುವ ಶಕ್ತಿ ಅವುಗಳಿಗಿದೆ. ಮನುಷ್ಯ ಮತ್ತು ಪಶುವಿನ ನಡುವೆ ಗೋಡೆಯನ್ನು ಕಟ್ಟದೆ, ಅನೇಕ ಮೆಟ್ಟಿಲುಗಳ ಒಂದೇ ಸೋಪಾನವನ್ನು ತೋರಿಸಿರುವುದು ಜೈನ ದರ್ಶನದ ಹಿರಿಮೆ.

ಆ ಸೋಪಾನವೇ ಹದಿನಾಲ್ಕು ಗುಣಸ್ಥಾನಗಳು. ಮಿಥ್ಯಾತ್ವದಿಂದ ಹಿಡಿದು ಅಯೋಗಕೇವಲಿಯವರೆಗೆ ಆತ್ಮವು ಏರಬೇಕಾದ ಮೆಟ್ಟಿಲುಗಳು ಇವು. ದೇವತೆಗಳೂ ನಾರಕಿಗಳೂ ನಾಲ್ಕನೆಯ ಗುಣಸ್ಥಾನದವರೆಗೆ ಮಾತ್ರ ಏರಬಲ್ಲರು. ಅವರಿಗೆ ಸಮ್ಯಗ್ದರ್ಶನ ಸಾಧ್ಯ, ವ್ರತ ಸಾಧ್ಯವಿಲ್ಲ. ಆದರೆ ಸಂಜ್ಞಿ ತಿರ್ಯಂಚವು ಐದನೆಯ ಗುಣಸ್ಥಾನಕ್ಕೆ, ಅಂದರೆ ದೇಶವಿರತಕ್ಕೆ, ಏರಬಲ್ಲದು. ಸ್ವರ್ಗದ ಇಂದ್ರನಿಗೆ ದೊರೆಯದ ಅಣುವ್ರತವು ಕಾಡಿನ ಆನೆಗೆ ದೊರೆಯುತ್ತದೆ. ಆರನೆಯ ಗುಣಸ್ಥಾನದಿಂದ ಮುಂದಿನವು ಮಾತ್ರ ಮನುಷ್ಯನಿಗೆ ಮೀಸಲು. ಅದೂ ಮಹಾವ್ರತ ಧರಿಸಿದ ಮುನಿಗೆ.

ಇಲ್ಲಿ ಪ್ರತಿಯೊಬ್ಬ ಗೃಹಸ್ಥನೂ ಒಂದು ಕ್ಷಣ ನಿಂತು ಯೋಚಿಸತಕ್ಕದ್ದಿದೆ. ಅಂಗಡಿ, ಹೊಲ, ಮನೆ, ಮಕ್ಕಳು ಎಂದು ಬಾಳುತ್ತ, ಹನ್ನೆರಡು ವ್ರತಗಳನ್ನು ಯಥಾಶಕ್ತಿ ಪಾಲಿಸುವ ಉತ್ತಮ ಶ್ರಾವಕನ ಗುಣಸ್ಥಾನ ಯಾವುದು? ಐದನೆಯದು. ವ್ರತ ಧರಿಸಿದ ಪಶುವಿನ ಗುಣಸ್ಥಾನ ಯಾವುದು? ಅದೂ ಐದನೆಯದೇ. ಇಬ್ಬರೂ ಒಂದೇ ಮೆಟ್ಟಿಲಿನಲ್ಲಿ ನಿಂತಿದ್ದಾರೆ. ವ್ರತವಿಲ್ಲದ ಮನುಷ್ಯನು ಹೆಸರಿಗೆ ಎಷ್ಟೇ ದೊಡ್ಡ ಸಾಹುಕಾರನಾಗಿದ್ದರೂ ಆ ಪಶುವಿಗಿಂತ ಕೆಳಗಿನ ಮೆಟ್ಟಿಲಿನಲ್ಲಿದ್ದಾನೆ. ದೇಶವ್ರತಿಗಳ ಲೆಕ್ಕವನ್ನು ಹೇಳುವಾಗ ಆಗಮವು ದೇಶವ್ರತಿ ಮನುಷ್ಯರನ್ನು ಸಂಖ್ಯಾತರೆಂದೂ, ದೇಶವ್ರತಿ ತಿರ್ಯಂಚರನ್ನು ಅಸಂಖ್ಯಾತರೆಂದೂ ಹೇಳಿದೆ. ಆ ತಿರ್ಯಂಚರಲ್ಲಿ ಬಹುಪಾಲು ಮನುಷ್ಯಲೋಕದಿಂದ ಬಹು ದೂರದ ಸ್ವಯಂಭೂರಮಣ ದ್ವೀಪ ಸಮುದ್ರಗಳಲ್ಲಿವೆ. ಲೋಕದಲ್ಲಿ ಶ್ರಾವಕಧರ್ಮವನ್ನು ಹೆಚ್ಚಾಗಿ ಹೊತ್ತು ನಿಂತಿರುವವರು ಮನುಷ್ಯರಲ್ಲ, ತಿರ್ಯಂಚರು ಎಂಬುದು ಇದರ ಅರ್ಥ. ಮನುಷ್ಯನ ಗರ್ವವನ್ನು ಇಷ್ಟು ಮೆಲ್ಲಗೆ, ಇಷ್ಟು ಪೂರ್ಣವಾಗಿ ಇಳಿಸುವ ಮಾತು ಇನ್ನೊಂದಿಲ್ಲ.

ಇದು ಬರಿಯ ಸಿದ್ಧಾಂತವಲ್ಲ. ಇಬ್ಬರು ತೀರ್ಥಂಕರರ ಭವಾವಳಿಯಲ್ಲಿಯೇ ಇದಕ್ಕೆ ದೃಷ್ಟಾಂತಗಳಿವೆ. ಆಚಾರ್ಯ ಗುಣಭದ್ರರ ಉತ್ತರಪುರಾಣವು ಪಾರ್ಶ್ವನಾಥ ಸ್ವಾಮಿಯ ಕಥೆಯನ್ನು ಪೌದನಪುರದ ಕಮಠ ಮತ್ತು ಮರುಭೂತಿ ಎಂಬ ಸಹೋದರರಿಂದ ಆರಂಭಿಸುತ್ತದೆ. ಅಣ್ಣ ಕಮಠನು ದುಷ್ಟ, ತಮ್ಮ ಮರುಭೂತಿಯು ಸಜ್ಜನ. ತಪ್ಪಿಗೆ ದಂಡಿತನಾಗಿ ಊರು ಬಿಟ್ಟ ಅಣ್ಣನ ಬಳಿಗೆ ಕ್ಷಮೆ ಬೇಡಲು ಹೋದ ತಮ್ಮನನ್ನು ಅಣ್ಣನೇ ಕಲ್ಲು ಹಾಕಿ ಕೊಲ್ಲುತ್ತಾನೆ. ಆರ್ತಧ್ಯಾನದಿಂದ ಮಡಿದ ಮರುಭೂತಿಯು ಸಲ್ಲಕೀ ವನದಲ್ಲಿ ವಜ್ರಘೋಷನೆಂಬ ಮದಗಜವಾಗಿ ಹುಟ್ಟುತ್ತಾನೆ.

ಆ ನಾಡಿನ ಅರಸನಾಗಿದ್ದ ಅರವಿಂದನು ರಾಜ್ಯವನ್ನು ತ್ಯಜಿಸಿ ಮುನಿಯಾಗಿ, ವರ್ತಕರ ಸಮೂಹದೊಡನೆ ಅದೇ ವನದ ದಾರಿಯಲ್ಲಿ ಹೋಗುತ್ತಿರುವಾಗ, ಮದವೇರಿದ ಆನೆಯು ಎಲ್ಲರ ಮೇಲೆ ನುಗ್ಗಿ ಬರುತ್ತದೆ. ಮುನಿಯು ಪ್ರತಿಮಾಯೋಗದಲ್ಲಿ ನಿಶ್ಚಲನಾಗಿದ್ದಾನೆ. ಕೊಲ್ಲಲು ಎತ್ತಿದ ಸೊಂಡಿಲು ಮುನಿಯ ಎದೆಯ ಶ್ರೀವತ್ಸ ಚಿಹ್ನೆಯನ್ನು ಕಂಡೊಡನೆ ಅಲ್ಲಿಯೇ ನಿಲ್ಲುತ್ತದೆ. ಆನೆಗೆ ಪೂರ್ವಜನ್ಮದ ಸಂಬಂಧ ನೆನಪಾಗುತ್ತದೆ. ಅದು ಮುನಿಯ ಮುಂದೆ ಶಾಂತವಾಗಿ ನಿಂತು ಧರ್ಮವನ್ನು ಕೇಳಿ ಶ್ರಾವಕ ವ್ರತಗಳನ್ನು ಸ್ವೀಕರಿಸುತ್ತದೆ.

ಮುಂದಿನ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ವ್ರತಧಾರಿಯಾದ ಆ ಆನೆಯು ಹಸಿರು ಕೊಂಬೆಗಳನ್ನು ಮುರಿಯುವುದನ್ನು ಬಿಡುತ್ತದೆ. ಉದುರಿದ ಒಣ ಎಲೆ, ಇತರ ಆನೆಗಳು ಮುರಿದು ಬಿಟ್ಟ ಕೊಂಬೆ ಇವಿಷ್ಟೇ ಅದರ ಆಹಾರ. ಇತರ ಆನೆಗಳು ಇಳಿದು ಕಲಕಿ ಪ್ರಾಸುಕವಾದ ನೀರನ್ನು ಮಾತ್ರ ಕುಡಿಯುತ್ತದೆ. ಉಪವಾಸಗಳಿಂದ ಬಡಕಲಾದ ಆ ದೇಹವು ಒಂದು ದಿನ ವೇಗವತೀ ನದಿಯ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಮಠನ ಜೀವವು ಅಲ್ಲಿ ಕುಕ್ಕುಟಸರ್ಪವಾಗಿ ಹುಟ್ಟಿ, ಹಳೆಯ ವೈರದಿಂದ ಅದನ್ನು ಕಚ್ಚುತ್ತದೆ. ಆನೆಯು ಕೋಪಗೊಳ್ಳದೆ ಸಮಾಧಿಮರಣವನ್ನಪ್ಪಿ ಸಹಸ್ರಾರ ಸ್ವರ್ಗದಲ್ಲಿ ದೇವನಾಗುತ್ತದೆ. ಅದೇ ಜೀವ ಮುಂದೆ ವಾರಾಣಸಿಯಲ್ಲಿ ಪಾರ್ಶ್ವನಾಥ ತೀರ್ಥಂಕರನಾಯಿತು. ಮರುಭೂತಿಯು ಮನುಷ್ಯನಾಗಿದ್ದಾಗ ದುಃಖದಿಂದ ಸತ್ತು ಕೆಳಗಿಳಿದನು. ಆನೆಯಾಗಿದ್ದಾಗ ಕ್ಷಮೆಯಿಂದ ಸತ್ತು ಮೇಲೇರಿದನು. ಏರಿಳಿತವನ್ನು ನಿರ್ಣಯಿಸಿದ್ದು ದೇಹದ ಆಕಾರವಲ್ಲ, ಅಂತರಂಗದ ಪರಿಣಾಮ.

ಭಗವಾನ್ ಮಹಾವೀರರ ಜೀವವೂ ಪೂರ್ವಭವದಲ್ಲಿ ಸಿಂಹವಾಗಿತ್ತು. ಜಿಂಕೆಯನ್ನು ಹಿಡಿದು ತಿನ್ನುತ್ತಿದ್ದ ಆ ಸಿಂಹದ ಎದುರಿಗೆ ಇಬ್ಬರು ಚಾರಣ ಮುನಿಗಳು ಆಕಾಶದಿಂದ ಇಳಿದು ಬಂದು ಅದಕ್ಕೆ ಅದರ ಹಿಂದಿನ ಜನ್ಮಗಳ ಕಥೆಯನ್ನು ಹೇಳಿದರು. ಸಿಂಹದ ಕಣ್ಣಿನಿಂದ ನೀರು ಸುರಿಯಿತು. ಮಾಂಸವಲ್ಲದೆ ಬೇರೆ ಆಹಾರವಿಲ್ಲದ ಆ ಪ್ರಾಣಿಯು ವ್ರತವನ್ನು ಕೈಕೊಂಡು ಆಹಾರವನ್ನೇ ತ್ಯಜಿಸಿ, ಸತ್ತಂತೆ ಅಲುಗಾಡದೆ ಮಲಗಿ, ಶಾಂತಚಿತ್ತದಿಂದ ಪ್ರಾಣ ಬಿಟ್ಟು ಸೌಧರ್ಮ ಸ್ವರ್ಗದಲ್ಲಿ ಸಿಂಹಕೇತುವೆಂಬ ದೇವನಾಯಿತು. ವರ್ಧಮಾನ ಸ್ವಾಮಿಯ ಲಾಂಛನವಾದ ಸಿಂಹಕ್ಕೆ ಕೈಮುಗಿಯುವಾಗ ಆ ಕಣ್ಣೀರನ್ನು ನೆನೆಯಬೇಕು. ತೀರ್ಥಂಕರತ್ವದ ಕಡೆಗಿನ ದಾರಿಯು ಒಂದು ಪಶುವಿನ ಪಶ್ಚಾತ್ತಾಪದಿಂದ ತಿರುಗಿತು.

ಪಶುವಿನ ಅಂತರಂಗವನ್ನು ಅಲ್ಲಗಳೆದವನ ಗತಿ ಏನಾಗುತ್ತದೆಂಬುದಕ್ಕೆ ಯಶೋಧರ ರಾಜನ ಕಥೆ ಸಾಕ್ಷಿ. ಕನ್ನಡದಲ್ಲಿ ಜನ್ನ ಕವಿಯು 1209ರಲ್ಲಿ ಯಶೋಧರ ಚರಿತೆಯಾಗಿ ಬರೆದ ಈ ಕಥೆಯನ್ನು ಸಂಸ್ಕೃತದಲ್ಲಿ ಸೋಮದೇವ ಸೂರಿಗಳೂ ಅಪಭ್ರಂಶದಲ್ಲಿ ಪುಷ್ಪದಂತನೂ ಬರೆದಿದ್ದಾರೆ. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರನು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಜೀವವಿಲ್ಲದ ಹಿಟ್ಟು, ಆದರೂ ಸಂಕಲ್ಪ ಕೊಲೆಯದು. ಅದರ ಫಲವಾಗಿ ತಾಯಿ ಮಗ ಇಬ್ಬರೂ ನಾಯಿ, ನವಿಲು ಮೊದಲಾದ ಜನ್ಮಗಳನ್ನು ಒಂದರ ಮೇಲೊಂದು ಎತ್ತಿ, ತಮ್ಮದೇ ಅರಮನೆಯಲ್ಲಿ, ತಮ್ಮದೇ ವಂಶದವರ ಕೈಯಲ್ಲಿ, ತಮ್ಮದೇ ಶ್ರಾದ್ಧದ ಅಡುಗೆಗೆ ಸಾಯುತ್ತಾರೆ. ನವಿಲಾದ ಯಶೋಧರನಿಗೆ ಎಲ್ಲವೂ ನೆನಪಿದೆ. ತನ್ನ ಮಗನೇ ಸಿಂಹಾಸನದ ಮೇಲಿರುವುದನ್ನು ಅವನು ಕಾಣುತ್ತಾನೆ. ಆದರೆ ಹೇಳಲು ನಾಲಗೆಯಿಲ್ಲ. ನೆನಪಿದ್ದು, ನೋವಿದ್ದು, ಮಾತಿಲ್ಲದ ಸ್ಥಿತಿಯನ್ನು ಈ ಕಥೆಯಷ್ಟು ಒಳಹೊಕ್ಕು ತೋರಿಸಿದ ಕಥೆಗಳು ವಿರಳ. ಮನೆಯಂಗಳಕ್ಕೆ ಬಂದ ನಾಯಿಯನ್ನು ಕಲ್ಲಿನಿಂದ ಹೊಡೆಯುವವನು ತಾನು ಯಾರನ್ನು ಹೊಡೆಯುತ್ತಿದ್ದೇನೆಂದು ಅರಿಯನು.

ಇದಕ್ಕೆ ವಿರುದ್ಧವಾದ ಉಜ್ಜ್ವಲ ಉದಾಹರಣೆ ಜೀವಂಧರ ಕುಮಾರನದು. ಯಜ್ಞದ ಆಹಾರವನ್ನು ಮುಟ್ಟಿತೆಂದು ಬಡಿತಕ್ಕೆ ಸಿಕ್ಕಿ ಸಾಯುತ್ತಿದ್ದ ನಾಯಿಯ ಬಳಿ ಕುಳಿತು ಆತನು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸಿದನು. ಅದು ಯಕ್ಷದೇವನಾಗಿ ಹುಟ್ಟಿ ಜೀವನಪರ್ಯಂತ ಆತನ ಸಹಾಯಕ್ಕೆ ನಿಂತಿತು. ನಾಯಿಗೆ ಮಂತ್ರ ತಿಳಿದೀತೇ ಎಂದು ಜೀವಂಧರನು ಪರೀಕ್ಷೆ ಮಾಡುತ್ತ ಕೂರಲಿಲ್ಲ. ಸಾಯುವ ಜೀವಕ್ಕೆ ಸಮಾಧಾನ ಬೇಕು ಎಂಬುದಷ್ಟೇ ಆತನಿಗೆ ಸಾಕಾಗಿತ್ತು.

ಆಧುನಿಕ ವಿದ್ಯಾಭ್ಯಾಸ ಪಡೆದ ತರುಣ ತರುಣಿಯರು ಇವೆಲ್ಲ ಪುರಾಣದ ಮಾತುಗಳೆಂದು ಹೇಳಬಹುದು. ಅವರು ವಿಜ್ಞಾನವು ನಡೆದು ಬಂದ ದಾರಿಯನ್ನೂ ಗಮನಿಸಲಿ. 17ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ತತ್ತ್ವಜ್ಞಾನಿ ದೆಕಾರ್ತನು ಪ್ರಾಣಿಗಳ ನಡೆಯನ್ನು ಗಡಿಯಾರದಂತಹ ಯಂತ್ರದ ಚಲನೆಗೆ ಹೋಲಿಸಿದನು. ಆತನ ಮತವನ್ನು ಹಿಡಿದವರು ಹೊಡೆತ ತಿಂದ ನಾಯಿಯ ಕೂಗನ್ನು ಕೀಲಿಲ್ಲದ ಗಾಲಿಯ ಸದ್ದಿನಂತೆ ಎಣಿಸಿದರು. 1871ರಲ್ಲಿ ಚಾರ್ಲ್ಸ್ ಡಾರ್ವಿನ್ನನು ಮನುಷ್ಯನ ಮನಸ್ಸಿಗೂ ಮೇಲುಸ್ತರದ ಪ್ರಾಣಿಗಳ ಮನಸ್ಸಿಗೂ ಇರುವ ವ್ಯತ್ಯಾಸ ಪ್ರಮಾಣದ್ದೇ ಹೊರತು ಜಾತಿಯದ್ದಲ್ಲವೆಂದು ಪ್ರತಿಪಾದಿಸಿದನು. 1960ರಲ್ಲಿ ಆಫ್ರಿಕಾದ ಗೊಂಬೆ ಅರಣ್ಯದಲ್ಲಿ ಜೇನ್ ಗುಡಾಲ್ ಎಂಬ ಮಹಿಳೆಯು, ಚಿಂಪಾಂಜಿಯು ಕಡ್ಡಿಯ ಎಲೆಗಳನ್ನು ಕಿತ್ತು ಅದನ್ನು ಉಪಕರಣವಾಗಿ ಮಾಡಿಕೊಂಡು ಹುತ್ತದಿಂದ ಗೆದ್ದಲು ತೆಗೆಯುವುದನ್ನು ಕಂಡರು. ಉಪಕರಣ ಮಾಡಬಲ್ಲವನು ಮನುಷ್ಯನೊಬ್ಬನೇ ಎಂಬ ಹೆಮ್ಮೆ ಅಂದಿಗೆ ಮುಗಿಯಿತು.

2006ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಹ್ಯಾಪಿ ಎಂಬ ಆನೆಯು ದೊಡ್ಡ ಕನ್ನಡಿಯಲ್ಲಿ ನೋಡಿಕೊಂಡು ತನ್ನ ಹಣೆಗೆ ಹಚ್ಚಿದ್ದ ಗುರುತನ್ನು ಸೊಂಡಿಲಿನಿಂದ ಮತ್ತೆ ಮತ್ತೆ ಮುಟ್ಟಿ ನೋಡಿತು. ಕನ್ನಡಿಯಲ್ಲಿರುವುದು ತಾನೇ ಎಂದು ಅದು ಅರಿತಿತ್ತು. 2018ರಲ್ಲಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕಡಲಿನಲ್ಲಿ ಓರ್ಕಾ ಜಾತಿಯ ತಾಯಿಯೊಂದು ಸತ್ತ ಮರಿಯನ್ನು 17 ದಿನ ಮುಳುಗಲು ಬಿಡದೆ ತಲೆಯ ಮೇಲೆ ಹೊತ್ತು ಈಜಿತು. 2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸೇರಿದ ವಿಜ್ಞಾನಿಗಳು, ಅರಿವನ್ನು ಉಂಟುಮಾಡುವ ನರವ್ಯವಸ್ಥೆ ಮನುಷ್ಯನಿಗೆ ಮಾತ್ರ ಮೀಸಲಲ್ಲ, ಸಸ್ತನಿಗಳಿಗೂ ಪಕ್ಷಿಗಳಿಗೂ ಇದೆಯೆಂದು ಘೋಷಿಸಿದರು. 2024ರ ನ್ಯೂಯಾರ್ಕ್ ಘೋಷಣೆಯು ಇನ್ನೂ ಮುಂದೆ ಹೋಗಿ, ಬೆನ್ನೆಲುಬುಳ್ಳ ಎಲ್ಲ ಪ್ರಾಣಿಗಳಲ್ಲಿಯೂ ಕೀಟಗಳೂ ಸೇರಿದಂತೆ ಬೆನ್ನೆಲುಬಿಲ್ಲದ ಅನೇಕ ಜೀವಿಗಳಲ್ಲಿಯೂ ಅರಿವು ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲವೆಂದು ಹೇಳಿತು.

2022ರಲ್ಲಿ ಲಂಡನ್ನಿನ ಸಂಶೋಧಕರು ದುಂಬಿಗಳ ಮುಂದೆ ಸಣ್ಣ ಮರದ ಉಂಡೆಗಳನ್ನಿಟ್ಟರು. ಮಕರಂದದ ಆಸೆಯೇನೂ ಇಲ್ಲದಿದ್ದರೂ ಅವು ಆ ಉಂಡೆಗಳನ್ನು ಮತ್ತೆ ಮತ್ತೆ ಉರುಳಿಸಿದವು. ಎಳೆಯ ದುಂಬಿಗಳು ಹೆಚ್ಚು ಉರುಳಿಸಿದವು. ಚತುರಿಂದ್ರಿಯ ಜೀವಕ್ಕೆ ಮನಸ್ಸಿಲ್ಲವೆಂದು ಆಗಮವು ಹೇಳಿದೆಯೇ ಹೊರತು ಸುಖದುಃಖಗಳಿಲ್ಲವೆಂದು ಎಂದೂ ಹೇಳಿಲ್ಲ. ಮದ್ಯ ಮಾಂಸಗಳ ಸಾಲಿನಲ್ಲಿಯೇ ಮಧುವನ್ನು, ಅಂದರೆ ಜೇನನ್ನು, ಇರಿಸಿ ಶ್ರಾವಕನು ಅದನ್ನು ತ್ಯಜಿಸಬೇಕೆಂದು ವಿಧಿಸಿದ ಆಚಾರ್ಯರು ಆ ಸಣ್ಣ ಜೀವದ ವೇದನೆಯನ್ನೂ ಎಣಿಕೆಗೆ ತಂದಿದ್ದರು.

ವಿಜ್ಞಾನವು ಆತ್ಮವನ್ನಾಗಲಿ ಪುನರ್ಜನ್ಮವನ್ನಾಗಲಿ ಸಾಧಿಸಿ ತೋರಿಸಿದೆ ಎಂದು ಹೇಳುವುದು ಅತಿಶಯೋಕ್ತಿಯಾದೀತು. ಜಿನವಾಣಿಗೆ ಪ್ರಯೋಗಶಾಲೆಯ ಮುದ್ರೆ ಬೇಕಾಗಿಯೂ ಇಲ್ಲ. ಆದರೆ ಪ್ರಾಣಿಗೆ ಏನೂ ತಿಳಿಯುವುದಿಲ್ಲ ಎಂಬ ನೆಪವನ್ನು ವಿಜ್ಞಾನವು ಮನುಷ್ಯನ ಕೈಯಿಂದ ಕಿತ್ತುಕೊಂಡಿದೆ. ಜೈನನಿಗೆ ಆ ನೆಪ ಎಂದೂ ಇರಲಿಲ್ಲ; ಇತರರಿಗೂ ಈಗ ಅದು ಉಳಿದಿಲ್ಲ.

ಹಾಗಾದರೆ ಮನುಷ್ಯಜನ್ಮ ದುರ್ಲಭವೆಂದು ಶಾಸ್ತ್ರವು ಏಕೆ ಹೊಗಳುತ್ತದೆ? ಬುದ್ಧಿಗಾಗಿ ಅಲ್ಲ, ಬಲಕ್ಕಾಗಿ ಅಲ್ಲ, ಭೂಮಿಯನ್ನು ಆಳುವ ಸಾಮರ್ಥ್ಯಕ್ಕಾಗಿಯೂ ಅಲ್ಲ. ಸಕಲಸಂಯಮ ಇಲ್ಲಿ ಮಾತ್ರ ಸಾಧ್ಯವೆಂಬ ಒಂದೇ ಕಾರಣಕ್ಕಾಗಿ. ತನ್ನ ಶಕ್ತಿ ಇದ್ದರೂ ಅದನ್ನು ಬಳಸದೆ ಹಿಡಿದು ನಿಲ್ಲಿಸುವುದೇ ಮನುಷ್ಯನ ವೈಶಿಷ್ಟ್ಯ. ಲೋಕದ ಇತರ ಜೀವಗಳ ನಡುವೆ ಅವನ ಸ್ಥಾನವು ಒಡೆಯನದಲ್ಲ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಒಬ್ಬರಿಗೊಬ್ಬರು ಉಪಕಾರ ಮಾಡುವುದೇ ಜೀವಗಳ ಕಾರ್ಯವೆಂದು ಹೇಳುವಾಗ ಮನುಷ್ಯರು ಎಂದು ಹೇಳಿಲ್ಲ, ಜೀವಗಳು ಎಂದಿದೆ. 1974–75ರಲ್ಲಿ ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ ಎಲ್ಲ ಸಂಪ್ರದಾಯಗಳೂ ಒಪ್ಪಿ ಸ್ವೀಕರಿಸಿದ ಜೈನ ಪ್ರತೀಕದ ಕೆಳಗೆ ಇದೇ ಸೂತ್ರವನ್ನು ಬರೆಯಲಾಗಿದೆ. ಅದನ್ನು ಲಗ್ನಪತ್ರಿಕೆಯ ಮೇಲೆ ಅಚ್ಚು ಹಾಕಿಸುವ ಶ್ರಾವಕನು ತನ್ನ ಕೊಟ್ಟಿಗೆಯಲ್ಲಿಯೂ ಗೋದಾಮಿನಲ್ಲಿಯೂ ಅದನ್ನು ಓದಬೇಕಾಗಿದೆ.

ಅದೇ ಗ್ರಂಥದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ: ಬಿಗಿಯಾಗಿ ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಕೊಯ್ಯುವುದು, ಮಿತಿಮೀರಿ ಭಾರ ಹೇರುವುದು, ಅನ್ನ ನೀರು ತಡೆಯುವುದು. ಈ ಐದರಲ್ಲಿ ಕೊಲ್ಲುವುದು ಇಲ್ಲ. ಕೊಲ್ಲುವುದು ವ್ರತದ ಭಂಗ. ಇವು ವ್ರತಕ್ಕೆ ತಗಲುವ ಕಲೆಗಳು. ಮಾಂಸ ಮುಟ್ಟದವನೂ, ರಾತ್ರಿ ಉಣ್ಣದವನೂ, ನೀರು ಸೋಸಿ ಕುಡಿಯುವವನೂ ಈ ಐದರಲ್ಲಿ ತಿಳಿಯದೆ ಬೀಳಬಹುದು. ಪ್ರಾಣಿಯ ದೇಹವನ್ನು ಉಳಿಸಿ ಮನಸ್ಸನ್ನು ಕೊಲ್ಲುವುದೂ ಹಿಂಸೆಯೇ ಎಂಬುದನ್ನು ಈ ಪಟ್ಟಿ ತೋರಿಸುತ್ತದೆ.

ಈ ಭಾಗದಲ್ಲಿ ದೀಪಾವಳಿಯ ಸುಮಾರಿಗೆ ಸಕ್ಕರೆ ಕಾರ್ಖಾನೆಗಳ ಹಂಗಾಮು ಆರಂಭವಾಗುತ್ತದೆ. ಟ್ರ್ಯಾಕ್ಟರುಗಳು ಎಷ್ಟೇ ಹೆಚ್ಚಿದರೂ ಕಬ್ಬು ಹೇರಿದ ಎತ್ತಿನ ಗಾಡಿಗಳ ಸಾಲು ಇಂದಿಗೂ ಕಾಣುತ್ತದೆ. ಏರಿನಲ್ಲಿ ಮೊಣಕಾಲೂರಿದ ಎತ್ತಿನ ಕಣ್ಣನ್ನು ನೋಡಿದವನಿಗೆ ಅತಿಭಾರಾರೋಪಣವೆಂದರೇನೆಂದು ಟೀಕಾಗ್ರಂಥದಿಂದ ತಿಳಿಯಬೇಕಾಗಿಲ್ಲ. ಕಾರಹುಣ್ಣಿಮೆಯ ದಿನ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಹೋಳಿಗೆ ತಿನ್ನಿಸುವ ಒಕ್ಕಲಿಗನು ಎತ್ತಿನ ಅಂತರಂಗವನ್ನು ಬಲ್ಲವನೇ. ಆ ಒಂದು ದಿನದ ತಿಳಿವಳಿಕೆ ವರ್ಷದ ಉಳಿದ ದಿನಗಳಲ್ಲಿಯೂ ಉಳಿಯಬೇಕು. ಬರಗಾಲವಂತೂ ಈ ಸೀಮೆಗೆ ಹೊಸದಲ್ಲ. 1972ರ ಬರವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. 2012–13ರಲ್ಲಿಯೂ 2019ರಲ್ಲಿಯೂ ಸಾಂಗಲಿ, ಸೋಲಾಪುರ ಜಿಲ್ಲೆಗಳಲ್ಲಿ ಮೇವಿನ ಛಾವಣಿಗಳನ್ನು ತೆರೆಯಬೇಕಾಯಿತು. ದನವನ್ನು ಮಾರಿ ಕೈ ತೊಳೆದುಕೊಳ್ಳುವುದು ಸುಲಭವಾಗಿದ್ದರೂ, ಮನೆಯವರಲ್ಲೊಬ್ಬರು ತಿಂಗಳುಗಟ್ಟಲೆ ಛಾವಣಿಯಲ್ಲಿಯೇ ದನಗಳ ಜೊತೆ ಉಳಿದ ಕುಟುಂಬಗಳಿವೆ. ಅಂತಹವರ ವ್ರತ ದೊಡ್ಡದು. 1834ರಲ್ಲಿ ಮುಂಬಯಿಯಲ್ಲಿ ಪಾರಸಿ ಮತ್ತು ಜೈನ ವರ್ತಕರು ಕೂಡಿ ಸ್ಥಾಪಿಸಿದ ಪಾಂಜರಪೋಳವೂ, ದಿಲ್ಲಿಯ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಆಸ್ಪತ್ರೆಯೂ ಇದೇ ಭಾವನೆಯ ಫಲಗಳು.

ಅಹಿಂಸೆಯ ಇನ್ನೊಂದು ಸೂಕ್ಷ್ಮ ಪ್ರಶ್ನೆಯು 2025ರಲ್ಲಿ ಸಮಾಜದ ಮುಂದೆ ಬಂದಿತು. ಕೊಲ್ಹಾಪುರ ಜಿಲ್ಲೆಯ ನಾಂದಣಿ ಮಠದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಇದ್ದ ಮಹಾದೇವಿ ಎಂಬ ಆನೆಯನ್ನು, ಮುಂಬಯಿ ಉಚ್ಚ ನ್ಯಾಯಾಲಯದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದ ಬಳಿಕ, ಆ ವರ್ಷದ ಜುಲೈ ತಿಂಗಳಿನಲ್ಲಿ ಗುಜರಾತಿನ ಜಾಮನಗರದ ವನತಾರಾ ಕೇಂದ್ರಕ್ಕೆ ಸಾಗಿಸಲಾಯಿತು. ಬೀಳ್ಕೊಡುವಾಗ ಜೈನರೂ ಜೈನೇತರರೂ ಸೇರಿ ಊರಿಗೆ ಊರೇ ಕಣ್ಣೀರಿಟ್ಟಿತು. ಸಾವಿರಾರು ಜನ ಕೊಲ್ಹಾಪುರದವರೆಗೆ ಮೌನವಾಗಿ ನಡೆದರು. ಆ ಪ್ರೇಮದಲ್ಲಿ ಕಪಟವಿರಲಿಲ್ಲ. ಆನೆಯ ಆರೋಗ್ಯವನ್ನೂ ಒಂಟಿತನವನ್ನೂ ಮುಂದಿಟ್ಟು ವಾದಿಸಿದವರ ಮಾತನ್ನೂ ಧರ್ಮಬುದ್ಧಿಯುಳ್ಳವನು ಬದಿಗೆ ತಳ್ಳಲಾರನು. ಯಾರು ಸರಿ, ಯಾರು ತಪ್ಪು ಎಂಬ ತೀರ್ಪು ಧರ್ಮೋಪದೇಶದ ಕೆಲಸವಲ್ಲ. ಆದರೆ ಆ ಗದ್ದಲದಲ್ಲಿ ಎಲ್ಲರಿಗಿಂತ ಕಡಿಮೆ ಕೇಳಿಬಂದದ್ದು ಆನೆಯ ಧ್ವನಿಯೆಂಬುದನ್ನು ಮರೆಯಬಾರದು. ಕಾಡಿನಲ್ಲಿ ಹೆಣ್ಣಾನೆಯು ತಾಯಿ, ಅಜ್ಜಿ, ಅಕ್ಕತಂಗಿಯರ ಹಿಂಡಿನಲ್ಲಿ ಬಾಳುವ ಪ್ರಾಣಿ. ಮಾವುತನ ಕೈತುತ್ತಿನ ಪ್ರೀತಿಯನ್ನೂ ಅದು ಬಲ್ಲದು, ತನ್ನ ಜಾತಿಯ ಸಂಗವಿಲ್ಲದ ಬೇಸರವನ್ನೂ ಅದು ಬಲ್ಲದು. ಎರಡೂ ಅದರ ಅಂತರಂಗದಲ್ಲಿ ನಿಜ. ಪ್ರೀತಿಸುವವನು ತನ್ನ ಪ್ರೀತಿಯನ್ನು ಅಳೆಯುವುದಷ್ಟೇ ಅಲ್ಲ, ಪ್ರೀತಿಸಲ್ಪಡುವ ಜೀವಕ್ಕೆ ಏನು ಬೇಕು ಎಂದು ಕೇಳಿಕೊಳ್ಳಬೇಕು. ಮೈತ್ರೀಭಾವನೆಯೆಂದರೆ ಇದೇ.

ಈ ದೃಷ್ಟಿಯಿಂದ ಉತ್ಸವಗಳ ಆಚರಣೆಯನ್ನೂ ಮರುಪರಿಶೀಲಿಸುವುದು ಯೋಗ್ಯ. ಪಂಚಕಲ್ಯಾಣ ಪೂಜೆಯಲ್ಲಿ ಸವಾಲು ಹಿಡಿದು ಆನೆಯ ಮೇಲೆ ಕುಳಿತು ಮೆರೆಯುವ ಇಂದ್ರನ ವೈಭವವು ಭಕ್ತಿಯ ದ್ಯೋತಕವೇ ಸರಿ. ಆದರೆ ಇಂದ್ರನ ಐರಾವತವು ಪುರಾಣದಲ್ಲಿ ನಿಜವಾದ ಆನೆಯಲ್ಲ. ಆಭಿಯೋಗ್ಯ ಜಾತಿಯ ದೇವನು ವಿಕ್ರಿಯೆಯಿಂದ ತಾಳಿದ ರೂಪ. ಆದ್ದರಿಂದ ಮರದ ಆನೆಯ ಮೇಲೆ ಕುಳಿತರೆ ಶಾಸ್ತ್ರಕ್ಕೆ ಲೋಪವಿಲ್ಲ. 2023ರಲ್ಲಿ ಕೇರಳದ ತ್ರಿಶೂರು ಜಿಲ್ಲೆಯ ಒಂದು ದೇವಾಲಯವು ಯಂತ್ರದಿಂದ ತಲೆ, ಕಿವಿ ಆಡಿಸುವ ಆನೆಯನ್ನು ಉತ್ಸವಕ್ಕೆ ಬಳಸಿತು. ಇತರ ಮತದವರು ಮಾಡಬಲ್ಲ ಕಾರ್ಯ ಜಿನಧರ್ಮೀಯರಿಗೆ ಕಠಿಣವಾಗಬಾರದು. ರಥೋತ್ಸವದ ರಾತ್ರಿ ಪಟಾಕಿ ಸಿಡಿದಾಗ ಆಲದ ಮರದ ಹಕ್ಕಿಗಳು ಕತ್ತಲೆಯಲ್ಲಿ ಎತ್ತ ಹಾರುತ್ತವೆ, ಓಣಿಯ ನಾಯಿಗಳು ಎಲ್ಲಿ ಅಡಗುತ್ತವೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡವನು ಪಟಾಕಿಯ ವರ್ಗಣಿಯನ್ನು ಮೇವಿಗೆ ಕೊಡುವುದು ಲೇಸೆಂದು ತಾನೇ ಹೇಳುತ್ತಾನೆ.

ಹೈನುಗಾರಿಕೆ ಮಾಡುವ ಮನೆಯಲ್ಲಿ ಕರುವಿನ ಪಾಲು ಕರುವಿಗೆ ಉಳಿಯಲಿ; ಗಂಡುಕರುವೆಂದು ಅದನ್ನು ಹಸಿವಿಗೆ ಬಿಡುವುದು ಅನ್ನಪಾನ ನಿರೋಧವಾಗುತ್ತದೆ. ಹಾಲು ಕೊಂಡುಕೊಳ್ಳುವ ಮನೆಯವರೂ ಕರುವಿನ ವಿಷಯವನ್ನು ಒಮ್ಮೆ ವಿಚಾರಿಸಲಿ. ಬೇಸಿಗೆಯಲ್ಲಿ ಅಂಗಡಿಯ ಮುಂದೆ ಒಂದು ಕಲ್ಲುಬಾನಿ, ಮಾಳಿಗೆಯ ಮೇಲೆ ಒಂದು ಮಣ್ಣಿನ ಬಟ್ಟಲು, ಅದರಲ್ಲಿ ಪ್ರತಿದಿನ ಸೋಸಿದ ನೀರು ಇರಲಿ. ಪಂಜರದ ಗಿಳಿಯನ್ನು ಕೊಳ್ಳುವುದು ಬೇಡ. ಅದನ್ನು ಸಾಕುವುದು ಕಾನೂನಿಗೂ ವಿರುದ್ಧ, ಧರ್ಮಕ್ಕೂ ವಿರುದ್ಧ. ಮಕ್ಕಳ ಪಾಠಶಾಲೆಯಲ್ಲಿ ತೀರ್ಥಂಕರರ ಲಾಂಛನಗಳನ್ನು ಬಾಯಿಪಾಠ ಮಾಡಿಸುವಾಗ ಎತ್ತು, ಆನೆ, ಕುದುರೆ, ಕಪಿ ಎಂದು ಹೆಸರು ಹೇಳಿಸಿ ಮುಗಿಸದೆ, ಆ ಪ್ರಾಣಿಯು ಹೇಗೆ ಬಾಳುತ್ತದೆ, ಯಾವುದಕ್ಕೆ ಹೆದರುತ್ತದೆ, ಮರಿಯನ್ನು ಹೇಗೆ ಸಾಕುತ್ತದೆ ಎಂಬುದನ್ನೂ ಹೇಳಿಕೊಡಲಿ. ಕನ್ನಡದಲ್ಲಿ ಕೇಳಿದರೂ ಮರಾಠಿಯಲ್ಲಿ ಕೇಳಿದರೂ ಮಕ್ಕಳಿಗೆ ಈ ಪಾಠ ಬೇಗ ಹತ್ತುತ್ತದೆ.

ವ್ಯಾಪಾರಸ್ಥರು ದೀಪಾವಳಿಯಲ್ಲಿ ಖಾತೆಕಿರ್ದಿಗಳನ್ನು ಪೂಜಿಸಿ ವೀರ ನಿರ್ವಾಣ ಸಂವತ್ಸರದ ಹೊಸ ಲೆಕ್ಕವನ್ನು ತೆರೆಯುತ್ತಾರೆ. ಅದಕ್ಕೆ ಮೊದಲೇ, ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಾಣಿಯ ದಿನ, ವರ್ಷದ ತಪ್ಪುಗಳನ್ನು ಒಪ್ಪಿ ಬಂಧುಗಳಲ್ಲಿಯೂ ಗಿರಾಕಿಗಳಲ್ಲಿಯೂ 'ಉತ್ತಮ ಕ್ಷಮಾ' ಬೇಡುತ್ತಾರೆ. ಕಾಗದ ಬರೆದು, ಫೋನು ಮಾಡಿ, ಈಗೀಗ ಮೊಬೈಲಿನಲ್ಲಿ ಸಂದೇಶ ಕಳಿಸಿ ಮನುಷ್ಯರ ಖಾತೆಗಳೆಲ್ಲ ಚುಕ್ತಾ ಆಗುತ್ತವೆ. ಆದರೆ ಕೊಟ್ಟಿಗೆಯ ಎತ್ತಿನ ಖಾತೆ, ಹಾಲು ಕೊಟ್ಟ ಎಮ್ಮೆಯ ಖಾತೆ, ಓಣಿಯ ನಾಯಿಯ ಖಾತೆ ಹಾಗೆಯೇ ಬಾಕಿ ಉಳಿಯುತ್ತದೆ. ಅವು ಕಾಗದ ಓದುವುದಿಲ್ಲ, ಬಾಯಿ ತೆರೆದು ಬಾಕಿ ಕೇಳುವುದೂ ಇಲ್ಲ. ಕೇಳದವನ ಸಾಲವನ್ನು ತೀರಿಸುವವನೇ ಪ್ರಾಮಾಣಿಕ ವರ್ತಕ. ಆ ಸಾಲವನ್ನು ಹಗ್ಗ ಸಡಿಲಿಸಿ, ಭಾರ ಇಳಿಸಿ, ನೀರು ಮೇವು ಕೊಟ್ಟು ನಡತೆಯಿಂದಲೇ ತೀರಿಸಬೇಕು. ಕೆಸರಿನಲ್ಲಿ ಸಿಕ್ಕಿಕೊಂಡು ವಿಷವೇರುತ್ತಿರುವಾಗಲೂ ತನ್ನನ್ನು ಕಚ್ಚಿದ ಹಾವನ್ನು ಆ ಆನೆ ಕ್ಷಮಿಸಿತು. ಅಷ್ಟು ಕ್ಷಮೆ ಪಶುವಿಗೆ ಸಾಧ್ಯವಾಗಿರುವಾಗ, ಇಷ್ಟು ದಯೆ ಶ್ರಾವಕನಿಗೆ ಅಸಾಧ್ಯವಾಗದಿರಲಿ.

ಸಮಸ್ತ ಜೀವರಾಶಿಗೂ ಮಂಗಳವಾಗಲಿ. ಜೈ ಜಿನೇಂದ್ರ.